ಹಿರಿಯರ ಕೈಗೆ ಬಂದ ಸಭೆ

ತುಳುನಾಡಿನ ಬಾಸೆಲ್ ಮಿಶನ್ನನ್ನು ಕುರಿತು ಬರೆದ ನಮ್ಮ ಲೇಖಕರಲ್ಲಿ ಬಹುಮಂದಿ ಅದರ ಮುದ್ರಣಾಲಯವನ್ನೂ ಹೆಂಚಿನ ಕಾರ್ಖಾನೆಯನ್ನೂ ಕಿಟ್ಟೆಲರ ನಿಘಂಟನ್ನೂ ಮನಸಾರ ಕೊಂಡಾಡಿರುವರಲ್ಲದೆ, ಆ ಮಿಶನ್ನಿನ ಮುಖ್ಯ ಸೃಷ್ಟಿಯಾದ ಸಭೆಯ ಕಡೆಗೆ, ಎಂದರೆ ಭಾನುವಾರದ ಬೆಳಗಿನಲ್ಲಿ ಮಂಗಳೂರಿನ ಬಲ್ಮಠದ ಗುಡ್ಡದ ಮೇಲೂ ಮುಲ್ಕಿ ಉಡುಪಿಗಳ ಚಿಕ್ಕ ದೇವಾಲಯಗಳಲ್ಲಿಯೂ ಕೂಡುತ್ತಿದ್ದ ಜನರ ಕಡೆಗೆ, ಅಷ್ಟಾಗಿ ತಿರುಗಿದಂತೆ ಕಾಣುವುದಿಲ್ಲ. ಅವರು ಏನನ್ನು ನಂಬಿದರು, ಯಾತಕ್ಕಾಗಿ ಕೂಡಿದರು, ಅವರ ಮೇಲೆ ಆಳ್ವಿಕೆ ನಡೆಸಿದವರು ಯಾರು, ಆ ಆಳ್ವಿಕೆ ಯಾವಾಗ ಅವರ ಕೈಗೆ ಬಂದಿತು ಎಂಬ ಪ್ರಶ್ನೆಗಳು ನಿಘಂಟಿನ ಕಥೆಗಿಂತ ಕಡಮೆ ಸ್ವಾರಸ್ಯದವುಗಳಲ್ಲ. ಧರ್ಮದ ತತ್ತ್ವವೊಂದು ಹೇಳಿದುದನ್ನು ಧರ್ಮದ ಸಂಸ್ಥೆಯು ಎಷ್ಟು ಕಾಲ ತಡೆದು ನಿಲ್ಲಿಸಬಲ್ಲುದೆಂಬುದಕ್ಕೆ ಈ ಸಭೆಯ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವು ನಮ್ಮ ಕರಾವಳಿಯಲ್ಲಿ ಬೇರೊಂದಿಲ್ಲ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಈ ಮಿಶನ್ನಿಗೆ ಜೀವಾಳವಾಗಿದ್ದವರು ಗಡಿಯಾಚೆಯ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತರು. ಪಾಂಡಿತ್ಯಕ್ಕಿಂತ ಹೃದಯದ ಪರಿವರ್ತನೆ ದೊಡ್ಡದು, ಗುರುಪೀಠಕ್ಕಿಂತ ಮನೆಯೊಳಗಿನ ಪ್ರಾರ್ಥನೆ ದೊಡ್ಡದು, ನಂಬಿಕೆಯ ನಿಜವಾದ ಪರೀಕ್ಷೆ ದಿನನಿತ್ಯದ ನಡತೆಯಲ್ಲಿಯೇ ಆಗತಕ್ಕದ್ದು ಎಂಬುದು ಆ ಭಕ್ತಿಪಂಥದ ಸಾರ. ಲೂಥರನ ಪರಂಪರೆಯವರೂ ಸ್ವಿಸ್ ಸುಧಾರಣೆಯ ಪರಂಪರೆಯವರೂ ಅದರಲ್ಲಿ ಒಟ್ಟಿಗೆ ಕುಳಿತು ಕೆಲಸಮಾಡಿದುದರಿಂದ, ಯೂರೋಪಿನಲ್ಲಿ ಈ ಎರಡು ಶಾಖೆಗಳನ್ನು ಮುನ್ನೂರು ವರ್ಷ ಬೇರ್ಪಡಿಸಿದ್ದ ಸೂಕ್ಷ್ಮ ವಾದಗಳನ್ನು ಇಲ್ಲಿಯ ಹೊಸ ವಿಶ್ವಾಸಿಗಳ ತಲೆಯ ಮೇಲೆ ಹೇರುವ ಗೋಜಿಗೆ ಅವರು ಹೋಗಲಿಲ್ಲ; ಇದು ಅವರು ಮಾಡಿದ ಉಪಕಾರಗಳಲ್ಲೊಂದು. 1833ರ ಸನ್ನದು ಶಾಸನವು ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿಯ ಸೀಮೆಯನ್ನು ತೆರೆದೊಡನೆ, ಸಾಮುವೇಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿಳಿದು, ಅದೇ ತಿಂಗಳ ಕೊನೆಯಲ್ಲಿ ಮಂಗಳೂರನ್ನು ಸೇರಿದರು. 1836ರಲ್ಲಿ ಹೆರ್ಮನ್ ಮೊಗ್ಲಿಂಗ್ ಬಂದರು. 1840ರಲ್ಲಿ ಕಲೆಕ್ಟರ್ ಬ್ಲೇರ್ ಎಂಬವರಿಂದ ಬಲ್ಮಠದ ನೆಲ ದೊರೆಯಿತು. ಮರುವರ್ಷವೇ ಅಲ್ಲಿ ಕಲ್ಲಚ್ಚಿನ ಯಂತ್ರ ಬಂದು ನಿಂತಿತು.

ಆ ಕಲ್ಲಚ್ಚಿನಿಂದ 1843ರ ಜುಲೈಯಲ್ಲಿ ಹೊರಬಿದ್ದ 'ಮಂಗಳೂರ ಸಮಾಚಾರ'ದ ಕಥೆಯನ್ನು ಬಲ್ಲವರಿಗೆ ಮತ್ತೆ ಹೇಳಬೇಕಾದುದಿಲ್ಲ. ಸಭೆಯ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಘಟನೆಯು ಮರುವರ್ಷದ ಜನವರಿಯಲ್ಲಿ ನಡೆಯಿತು: ಮಿಶನ್ನಿನ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣರು ಮೂವರು ದೀಕ್ಷಾಸ್ನಾನವನ್ನು ಪಡೆದರು, ಊರು ಅಲ್ಲೋಲಕಲ್ಲೋಲವಾಯಿತು. ಅವರಲ್ಲೊಬ್ಬರಾದ ಆನಂದರಾವ್ ಕೌಂಡಿನ್ಯರು ಬಾಸೆಲಿಗೆ ಹೋಗಿ ಅಲ್ಲಿಯ ಸೆಮಿನರಿಯಲ್ಲಿ ಓದಿ, 1851ರಲ್ಲಿ ಅಭಿಷಿಕ್ತ ಬೋಧಕರಾಗಿ ಹಿಂದಿರುಗಿದರು. ಭಾರತೀಯನೊಬ್ಬನನ್ನು ಯೂರೋಪಿನ ಮಿಶನರಿಗಳ ಸಮಪಂಕ್ತಿಯಲ್ಲಿ ಕುಳ್ಳಿರಿಸಿದ ಈ ಆರಂಭವು ಇಷ್ಟು ಬೇಗ ನಡೆದುದನ್ನು ನೋಡಿದವರು, ಇನ್ನು ಹತ್ತಿಪ್ಪತ್ತು ವರ್ಷಗಳಲ್ಲಿ ಸಭೆಯ ಆಡಳಿತವೆಲ್ಲ ಈ ನೆಲದವರ ಕೈಗೆ ಬಂದೇ ಬರುವುದೆಂದು ಎಣಿಸಿದ್ದರೆ ಅದು ತಪ್ಪಾಗುತ್ತಿರಲಿಲ್ಲ. ಆದರೆ ಹಾಗಾಗಲಿಲ್ಲ.

ಏಕೆ ಆಗಲಿಲ್ಲವೆಂಬುದನ್ನು ತಿಳಿಯಬೇಕಾದರೆ ಸಭೆಗೆ ಸೇರಿದ ಜನರ ಸ್ಥಿತಿಯನ್ನು ಮೊದಲು ನೋಡಬೇಕು. ಕೌಂಡಿನ್ಯರಂಥವರು ಎಣಿಕೆಯಲ್ಲಿ ಕೆಲವರೇ. ದಕ್ಷಿಣ ಕನ್ನಡದ ಸಭೆಯ ಬಹುಭಾಗವು ಬಿಲ್ಲವರಿಂದ ಕೂಡಿತ್ತು. ತಾಳೆ ತೆಂಗುಗಳಿಂದ ಕಳ್ಳಿಳಿಸುವುದೂ ಗೇಣಿಗೆ ಹೊಲವನ್ನುಳುವುದೂ ಅವರ ಜೀವನೋಪಾಯ. ಬೈದ್ಯರು, ಬೆರ್ಮೆರು, ಊರಿನ ಭೂತಗಳು ಅವರ ಆರಾಧ್ಯರು. ಮನೆತನದ ಆಸ್ತಿಯು ತಂದೆಯಿಂದ ಮಗನಿಗಲ್ಲ, ಮಾವನಿಂದ ಅಳಿಯನಿಗೆ ಬರತಕ್ಕದ್ದೆಂಬ ಅಳಿಯಸಂತಾನವು ಅವರ ಕಟ್ಟು. ಇಂಥ ಮನೆಯಿಂದ ಒಬ್ಬನು ಸಭೆಗೆ ಬಂದನೆಂದರೆ ಏಕಕಾಲದಲ್ಲಿ ಅವನು ಎಷ್ಟನ್ನು ಕಳೆದುಕೊಳ್ಳುತ್ತಿದ್ದನು! ಕಳ್ಳಿಳಿಸುವ ಕಸುಬನ್ನು ಮಿಶನರಿಗಳು ಒಪ್ಪುತ್ತಿರಲಿಲ್ಲ, ಆದ್ದರಿಂದ ಕಸುಬು ಹೋಯಿತು. ಭೂತದ ಕೋಲಕ್ಕೆ ಪಾಲು ಕೊಡದವನು ಊರಿನ ಕೂಡುಕಟ್ಟಿನಿಂದ ಹೊರಗಾದನು. ಗೇಣಿಯ ನೆಲವನ್ನು ಒಡೆಯನು ಬಿಡಿಸಿಕೊಳ್ಳಬಹುದಾಗಿತ್ತು. ಕುಟುಂಬದ ಅವಿಭಕ್ತ ಆಸ್ತಿಯಲ್ಲಿ ಅವನಿಗೆ ನೆಲೆಯುಳಿಯಲಿಲ್ಲ. ಮತಾಂತರದಿಂದ ಯಾರೂ ಆಸ್ತಿಯ ಹಕ್ಕನ್ನು ಕಳೆದುಕೊಳ್ಳತಕ್ಕುದಲ್ಲವೆಂದು 1850ರ 21ನೆಯ ಶಾಸನವು ಹೇಳಿದುದು ನಿಜ; ಆದರೆ ಶಾಸನವು ಕೊಟ್ಟ ಹಕ್ಕನ್ನು ಕೋರ್ಟಿನ ಮೆಟ್ಟಲೇರಿ ಸಾಧಿಸಿಕೊಳ್ಳುವ ಶಕ್ತಿಯಿದ್ದ ಬಿಲ್ಲವರು ಎಷ್ಟು ಮಂದಿ?

ಇಂತಿರಲು, ದೀಕ್ಷಾಸ್ನಾನವನ್ನು ಪಡೆದವನಿಗೆ ಮಿಶನ್ನು ಕೇವಲ ಉಪದೇಶವನ್ನು ಕೊಟ್ಟು ಕೈತೊಳೆದುಕೊಳ್ಳುವಂತಿರಲಿಲ್ಲ. ಅವನಿಗೆ ಮನೆ ಬೇಕು, ಕೆಲಸ ಬೇಕು, ಮಕ್ಕಳಿಗೆ ಶಾಲೆ ಬೇಕು, ಮಗಳಿಗೆ ವರ ಬೇಕು. ನೆಲವನ್ನು ಕೊಂಡು ಕುಟುಂಬಗಳನ್ನು ನೆಲೆಗೊಳಿಸುವ ಪ್ರಯತ್ನ ಮೊದಲು ನಡೆಯಿತು. ಗದಗಿನ ಹತ್ತಿರ ಮಲಸಮುದ್ರದಲ್ಲಿ ಕೃಷಿಗ್ರಾಮವೊಂದನ್ನು ಕಟ್ಟಹೊರಟು ಸೋತರು. ಕೊಡಗಿನಲ್ಲಿ ಮೊಗ್ಲಿಂಗರು ಸ್ಥಾಪಿಸಿದ ಆನಂದಪುರವು ಕೌಂಡಿನ್ಯರ ಹೆಸರನ್ನೇ ಹೊತ್ತಿತು. ಇತ್ತ 1851ರಲ್ಲಿ ಬಂದ ಹಾಲರ್ ಎಂಬ ನೇಕಾರರು ಮಂಗಳೂರಿನಲ್ಲಿ ಮಗ್ಗಗಳನ್ನು ಹೂಡಿದರು. ಖಾಕಿ ಬಣ್ಣವು ಆ ಮಗ್ಗದ ಮನೆಯ ಕೊಡುಗೆಯೆಂದು ಪ್ರಸಿದ್ಧಿ. ಅಚ್ಚುಕೂಟದ ಕೆಲಸಕ್ಕೆ ಬಂದಿದ್ದ ಪ್ಲೆಬ್ಸ್ಟರು ನೇತ್ರಾವತಿಯ ದಂಡೆಯ ಜೇಡಿಯನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಕೆಲಸದ ದಿನವು ಪ್ರಾರ್ಥನೆಯಿಂದ ಮೊದಲಾಗುತ್ತಿತ್ತು; ಭಾನುವಾರ ಬೀಗ; ಕಾಯಿಲೆಗೊಂದು ನಿಧಿ, ಉಳಿತಾಯಕ್ಕೊಂದು ನಿಧಿ. ದೇವಾಲಯದಲ್ಲಿ ಬೋಧಿಸುವವರೂ ಕಾರ್ಖಾನೆಯಲ್ಲಿ ಕೂಲಿ ಕೊಡುವವರೂ ಒಂದೇ ಮಿಶನ್ನಿನವರು. ಒಂದೊಂದು ಕೇರಿಯಲ್ಲಿ ಬಾಡಿಗೆಯ ಮನೆಯ ಒಡೆಯರೂ ಅವರೇ. ಸಭೆಯ ಆಡಳಿತದ ತೊಡಕೆಲ್ಲ ಇಲ್ಲಿಯೇ ಬೇರೂರಿತು.

ಈಗ ಆ ಆಡಳಿತದ ರಚನೆಯನ್ನು ನೋಡೋಣ. ತಳದಲ್ಲಿ ಒಂದೊಂದು ಊರಿನ ಸಭೆ. ಅದಕ್ಕೊಬ್ಬ ಮಿಶನರಿ ಅಥವಾ ಸಭಾಪಾಲಕ, ಅವರ ಕೈಕೆಳಗೆ ಉಪದೇಶಿಗಳು, ಅವರೊಡನೆ ಸಭೆಯವರೊಳಗಿಂದ ಆಯ್ದ ಹಿರಿಯರು. ಅದರ ಮೇಲೆ ಸ್ಟೇಶನ್ನಿನ ಮಿಶನರಿಗಳ ಕೂಟ, ಅದರ ಮೇಲೆ ಪ್ರಾಂತದ ಕೂಟ, ಎಲ್ಲಕ್ಕೂ ಮೇಲೆ ಸಮುದ್ರದಾಚೆ ಬಾಸೆಲಿನ ಕಮಿಟಿ. ಆ ಕಮಿಟಿಯ ಪರವಾಗಿ ಮಿಶನ್ನನ್ನು ನಡೆಸುವವರಿಗೆ ಇನ್‌ಸ್ಪೆಕ್ಟರ್ ಎಂದು ಹೆಸರು. 1850ರಲ್ಲಿ ಆ ಪದವಿಗೆ ಬಂದ ಯೋಸೆನ್‌ಹಾನ್ಸರು ಮರುವರ್ಷ ತಾವೇ ಭಾರತಕ್ಕೆ ಬಂದು, ಸ್ಟೇಶನ್ನಿನಿಂದ ಸ್ಟೇಶನ್ನಿಗೆ ತಿರುಗಿ, ಸಡಿಲವಾಗಿದ್ದುದೆಲ್ಲವನ್ನೂ ಕಟ್ಟುಗಳಿಗೆ ಒಳಪಡಿಸಿದರು. ಅವರ ದೃಷ್ಟಿಯಲ್ಲಿ ಶಿಸ್ತು ಭಕ್ತಿಯ ಅಂಗವಷ್ಟೇ ಅಲ್ಲ, ಬಹುಮಟ್ಟಿಗೆ ಭಕ್ತಿಯೇ ಆಗಿತ್ತು. ಈ ಕಟ್ಟು ವಿಶ್ವಾಸಿಗಳಿಗೆ ಮಾತ್ರವೆಂದು ತಿಳಿಯತಕ್ಕುದಲ್ಲ. ಮಿಶನರಿಯೂ ಅದರಲ್ಲಿ ಸಿಕ್ಕಿಕೊಂಡವನೇ. ಕಮಿಟಿಯ ಅಪ್ಪಣೆಯಿಲ್ಲದೆ ಅವನು ಮದುವೆಯಾಗುವಂತಿರಲಿಲ್ಲ. ಎಷ್ಟೋ ವೇಳೆ ವಧುವನ್ನು ಹುಡುಕಿ ಹಡಗು ಹತ್ತಿಸಿ ಕಳುಹಿಸುತ್ತಿದ್ದವರೂ ಕಮಿಟಿಯವರೇ. ತಾನು ಮಗನಂತೆ ವಿಧೇಯನಾಗಿ ಬದುಕಿದವನು ಇನ್ನೊಬ್ಬರಿಗೆ ತಂದೆಯಾಗಿ ಆಳುವುದನ್ನು ಬೇಗ ಕಲಿಯುತ್ತಾನೆ.

ಹಿರಿಯರ ಕೆಲಸ ಬಹುಮುಖವಾಗಿತ್ತು. ದೀಕ್ಷಾಸ್ನಾನವನ್ನು ಬೇಡಿದವನ ನಡತೆಯನ್ನು ವಿಚಾರಿಸುವುದು, ಬಡವರ ನಿಧಿಯನ್ನು ಹಂಚುವುದು, ಗಂಡಹೆಂಡಿರ ವ್ಯಾಜ್ಯಗಳನ್ನು ಬಿಡಿಸುವುದು, ಕಾಣಿಕೆಯ ಲೆಕ್ಕವನ್ನಿಡುವುದು, ದೇವಾಲಯಕ್ಕೆ ಬಾರದವನ ಮನೆಯ ಬಾಗಿಲನ್ನು ತಟ್ಟುವುದು ಇವೆಲ್ಲ ಅವರ ಪಾಲಿನವು. ಕುಡಿತ, ವ್ಯಭಿಚಾರ, ಸಾಲಗಾರಿಕೆ, ಗುಟ್ಟಾಗಿ ಭೂತಕ್ಕೆ ಹರಕೆ ಸಲ್ಲಿಸುವುದು ಮೊದಲಾದ ದೋಷಗಳಿಗೆ ಶಿಕ್ಷೆಯುಂಟು. ಮೊದಲು ಎಚ್ಚರಿಕೆ, ಅನಂತರ ಕರ್ತನ ರಾತ್ರಿಭೋಜನದಿಂದ ದೂರವಿಡುವುದು, ಕೊನೆಗೆ ಸಭೆಯಿಂದ ಬಹಿಷ್ಕಾರ. ಬಹಿಷ್ಕೃತನಾದವನು ಪಶ್ಚಾತ್ತಾಪಪಟ್ಟು ಸಭೆಯ ಮುಂದೆ ನಿಂತು ಒಪ್ಪಿಕೊಂಡರೆ ಮತ್ತೆ ಸೇರಿಸಿಕೊಳ್ಳುವರು. ಓದುಗರಲ್ಲಿ ತುಳುನಾಡಿನ ಹಳ್ಳಿಯ ಬಾಳನ್ನು ಬಲ್ಲವರು ಈ ಕ್ರಮದಲ್ಲಿ ಗುರಿಕಾರನ ನ್ಯಾಯಪಂಚಾಯತಿಯ ಮುಖವನ್ನು ಗುರುತಿಸದಿರಲಾರರು. ಜಾತಿಯ ಕಟ್ಟನ್ನು ಬಿಟ್ಟುಬಂದವರು ಹೊಸ ಕಟ್ಟಿಗೆ ಇಷ್ಟು ಬೇಗನೆ ಒಗ್ಗಿಕೊಂಡುದಕ್ಕೆ ಯೋಸೆನ್‌ಹಾನ್ಸರ ನಿಯಮಗಳಿಗಿಂತಲೂ ಈ ಹಳೆಯ ಅಭ್ಯಾಸವೇ ಕಾರಣವೆಂದು ನನ್ನ ಅಭಿಪ್ರಾಯ.

ಜಾತಿಯ ವಿಷಯದಲ್ಲಿ ಮಾತ್ರ ಮಿಶನ್ನು ಒಂದಿಷ್ಟೂ ಬಾಗಲಿಲ್ಲ. ಬಿಲ್ಲವನೂ ಬ್ರಾಹ್ಮಣನೂ ಹೊಲೆಯನೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸವನ್ನು ಸ್ವೀಕರಿಸತಕ್ಕದ್ದೆಂಬ ನಿಯಮಕ್ಕೆ ವಿನಾಯಿತಿಯಿರಲಿಲ್ಲ. ಇದರಿಂದ ಸಭೆ ಚಿಕ್ಕದಾಗಿಯೇ ಉಳಿಯಿತೆಂಬುದೂ ನಿಜ. 1870ರ ಸುಮಾರಿಗೆ ಅರಸಪ್ಪನೆಂಬ ಬಿಲ್ಲವ ಮುಖಂಡನು ತನ್ನವರ ಏಳಿಗೆಗಾಗಿ ಹೊಸ ಮತವೊಂದನ್ನು ಅರಸುತ್ತ ಬ್ರಹ್ಮಸಮಾಜದ ಕಡೆಗೆ ತಿರುಗಿದುದೂ, ಮುಂದೆ 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದುದೂ ಇದೇ ಜನಾಂಗದ ಇದೇ ಹುಡುಕಾಟದ ಬೇರೆ ದಾರಿಗಳು. ಆತ್ಮಗೌರವವನ್ನು ಬಯಸಿದವರಿಗೆಲ್ಲ ಸಭೆಯ ಬಾಗಿಲೊಂದೇ ತೆರೆದಿತ್ತೆಂದು ಬರೆಯುವ ಮಿಶನ್ ಚರಿತ್ರಕಾರರು ಇದನ್ನು ಮರೆಯುತ್ತಾರೆ.

ನಂಬಿಕೆಯ ಮಾತಿಗೆ ಬಂದರೆ, ಅದು ಸಂಕ್ಷಿಪ್ತವಾದುದು. ಸತ್ಯವೇದವೇ ಪ್ರಮಾಣ; ದೇವರೊಬ್ಬನೇ, ಅವನು ತಂದೆ ಮಗ ಪವಿತ್ರಾತ್ಮ; ಮನುಷ್ಯನು ತನ್ನ ಪುಣ್ಯಬಲದಿಂದಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ಕೃಪೆಗೆ ಪಾತ್ರನಾಗುವನು; ಸಂಸ್ಕಾರಗಳು ಎರಡು, ದೀಕ್ಷಾಸ್ನಾನ ಮತ್ತು ರಾತ್ರಿಭೋಜನ. ಶಿಶುಗಳಿಗೆ ದೀಕ್ಷಾಸ್ನಾನವುಂಟು, ಮಕ್ಕಳು ಬೆಳೆದು ಪ್ರಶ್ನೋತ್ತರಗಳನ್ನೂ ದಶಾಜ್ಞೆಗಳನ್ನೂ ಕಲಿತಮೇಲೆ ಸಭೆಯ ಮುಂದೆ ತಮ್ಮ ಬಾಯಿಂದಲೇ ನಂಬಿಕೆಯನ್ನು ಒಪ್ಪಿ ಸ್ಥಿರಪಡುವರು, ಆಮೇಲೆಯೇ ರಾತ್ರಿಭೋಜನದಲ್ಲಿ ಪಾಲು. ಪ್ರತಿಯೊಬ್ಬ ವಿಶ್ವಾಸಿಯೂ ವೇದವನ್ನು ತಾನೇ ಓದತಕ್ಕದ್ದೆಂಬ ತತ್ತ್ವದಿಂದ ಹೆಂಗಸರ ಅಕ್ಷರಾಭ್ಯಾಸವೂ ತುಳುಭಾಷೆಯ ಬರವಣಿಗೆಯೂ ಹುಟ್ಟಿದುವು. 1847ರ ಹೊತ್ತಿಗೆ ಹೊಸ ಒಡಂಬಡಿಕೆಯು ತುಳುವಿನಲ್ಲಿ ಅಚ್ಚಾಯಿತು; 1886ರಲ್ಲಿ ಮಿಶನರಿ ಮೆನ್ನರರ ತುಳು ನಿಘಂಟು ಬಂದಿತು; ಅದೇ ವರ್ಷ ಅದೇ ಮೆನ್ನರರು ಕೂಡಿಸಿದ ಭೂತಗಳ ಪಾಡ್ದನಗಳೂ ಅದೇ ಮಿಶನ್ನಿನ ಅಚ್ಚುಕೂಟದಿಂದ ಹೊರಬಂದುವು! ಕೋಲಕ್ಕೆ ಹೋದವನನ್ನು ರಾತ್ರಿಭೋಜನದಿಂದ ದೂರವಿಟ್ಟ ಸಭೆಯೇ ಆ ಕೋಲದ ಹಾಡನ್ನು ಅಳಿಯದಂತೆ ಕಾಪಾಡಿತೆಂಬುದು ಚರಿತ್ರೆಯ ವಿನೋದಗಳಲ್ಲೊಂದು. ಹಾಡಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು: ಸಭೆಯ ಗೀತೆಗಳು ಬಹುಮಟ್ಟಿಗೆ ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಮಾತುಗಳು. ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ ಬೇರೊಂದು ಮಾರ್ಗವನ್ನು ತೋರಿದರೂ, ಸಭೆಯು ಅಂದು ಆ ಮಾರ್ಗದಲ್ಲಿ ನಡೆಯಲಿಲ್ಲ.

ಹೀಗೆ ಪ್ರತಿಯೊಬ್ಬ ವಿಶ್ವಾಸಿಗೂ ದೇವರ ಸನ್ನಿಧಿಯಲ್ಲಿ ಸಮಾನವಾದ ಅಧಿಕಾರವೆಂದು ಬೋಧಿಸಿ, ಹಿರಿಯರನ್ನು ಸಭೆಯಿಂದಲೇ ಆರಿಸಿ, ಅವರ ಕೈಗೆ ಪುಸ್ತಕವನ್ನೂ ಕೊಟ್ಟ ಮಿಶನ್ನು, ಎಂಬತ್ತು ವರ್ಷಗಳಾದರೂ ಕೊನೆಯ ಮಾತನ್ನು ಮಾತ್ರ ತನ್ನಲ್ಲಿಯೇ ಇಟ್ಟುಕೊಂಡಿತು. ಮಿಶನರಿಗಳು ದುಷ್ಟರಾಗಿದ್ದರೆಂದು ಹೇಳಲಾಗದು. ಅವರಲ್ಲಿ ಅನೇಕರು ಈ ಜನರಿಗಾಗಿ ಪ್ರಾಣವನ್ನೇ ಸವೆಸಿದವರು. ಆದರೆ ಕೂಲಿ ಕೊಡುವ ಒಡೆಯನ ಎದುರಿಗೆ ಕುಳಿತ ಹಿರಿಯನು ಸಭಾಕೂಟದಲ್ಲಿ ಒಡೆಯನಿಗೆ ವಿರೋಧವಾಗಿ ಕೈಯೆತ್ತುವುದು ಹೇಗೆ? ದೇವಾಲಯದ ನೆಲವೂ ಬೋಧಕನ ಸಂಬಳವೂ ಹೊರಗಿನಿಂದ ಬರುವಷ್ಟು ಕಾಲ ಸಭೆಯ ಕಾಣಿಕೆಯ ಪೆಟ್ಟಿಗೆ ತುಂಬುವುದು ಹೇಗೆ? ಸಭೆಯು ಇನ್ನೂ ಪಕ್ವವಾಗಿಲ್ಲವೆಂದು ಅಧಿಕಾರವನ್ನು ಕೊಡಲಿಲ್ಲ, ಅಧಿಕಾರವಿಲ್ಲದುದರಿಂದ ಪಕ್ವವಾಗಲಿಲ್ಲ. ಈ ಸುತ್ತಿನಿಂದ ಹೊರಬರಲು ಮಿಶನ್ನಿಗೂ ತಿಳಿಯಲಿಲ್ಲ, ಸಭೆಗೂ ತಿಳಿಯಲಿಲ್ಲ.

ಬಿಡಿಸಿದ್ದು ಯುದ್ಧ. 1914ರಲ್ಲಿ ಯೂರೋಪಿನಲ್ಲಿ ಸಮರವು ಹೊತ್ತಿಕೊಂಡೊಡನೆ ಜರ್ಮನ್ ಮಿಶನರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ಬಳಿಕ ಹಡಗಿನಲ್ಲಿ ಸ್ವದೇಶಕ್ಕೆ ಕಳುಹಿಸಿಬಿಟ್ಟರು. ಹೆಂಚಿನ ಕಾರ್ಖಾನೆಗಳೂ ಮಗ್ಗಗಳೂ ಮಿಶನ್ನಿನ ಕೈತಪ್ಪಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದುವು. ಸ್ವಿಸ್ ಮಿತ್ರರು ಕೆನರೀಸ್ ಇವ್ಯಾಂಜೆಲಿಕಲ್ ಮಿಶನ್ ಎಂಬ ಹೆಸರಿನಿಂದ ಕೆಲಮಟ್ಟಿಗೆ ನೆರವಾದರು. ಮಲಬಾರಿನ ಸಭೆಗಳು ದಕ್ಷಿಣಭಾರತದ ಐಕ್ಯ ಸಭೆಯನ್ನು ಸೇರಿಕೊಂಡುವು. ಆದರೆ ಭಾನುವಾರದ ಆರಾಧನೆ ನಿಲ್ಲಲಿಲ್ಲ. ಮದುವೆಗಳು ನಡೆದುವು, ಮಕ್ಕಳಿಗೆ ದೀಕ್ಷಾಸ್ನಾನವಾಯಿತು, ಸತ್ತವರನ್ನು ಮಣ್ಣುಮಾಡಿದರು, ಸುಗ್ಗಿಯ ಹಬ್ಬಕ್ಕೆ ಬಾಳೆಗೊನೆ ಸೌತೆಕಾಯಿಗಳನ್ನು ತಂದು ಹರಾಜು ಹಾಕಿದರು. ಇವೆಲ್ಲವನ್ನೂ ನಡೆಸಿದವರು ನಿನ್ನೆಯವರೆಗೆ ಇನ್ನೂ ಪಕ್ವರಾಗಿಲ್ಲವೆಂದೆನಿಸಿಕೊಂಡಿದ್ದ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ. ಎಂಟು ದಶಕಗಳ ಉಪದೇಶವು ಸಾಧಿಸದ ಸ್ವಾತಂತ್ರ್ಯವನ್ನು ಕೆಲವೇ ವರ್ಷಗಳ ಅನಾಥಾವಸ್ಥೆಯು ಸಾಧಿಸಿತು. ಇದನ್ನು ಬರೆಯುವಾಗ ಯುದ್ಧವನ್ನು ಹೊಗಳುವ ಇಚ್ಛೆ ನನಗಿಲ್ಲ. ಕಾರ್ಖಾನೆಯ ಆಶ್ರಯ ತಪ್ಪಿದ ಎಷ್ಟೋ ಸಂಸಾರಗಳು ಆ ಕಾಲದಲ್ಲಿ ಪಟ್ಟ ಪಾಡು ಅಲ್ಪವಲ್ಲ.

ಮಿಶನರಿಗಳು ಮತ್ತೆ ಬಂದಾಗ ಹಳೆಯ ಪೀಠ ಅವರಿಗಾಗಿ ಕಾದಿರಲಿಲ್ಲ. ಬಾಸೆಲ್ ಮಿಶನ್ನಿನ ಸಭೆಗಳು ಕೂಡಿ ತಮ್ಮದೇ ಆದ ನಿಬಂಧನೆಗಳುಳ್ಳ ಐಕ್ಯ ಸಭೆಯಾಗಿ ರೂಪುಗೊಂಡು, ಊರ ಸಭೆ, ಪ್ರಾಂತ ಸಭೆ ಎಂದು ಮೆಟ್ಟಲು ಮೆಟ್ಟಲಾಗಿ ಚುನಾಯಿತರ ಕೂಟಗಳು ಏರ್ಪಟ್ಟುವು. ಇಷ್ಟರಲ್ಲಿ ದಕ್ಷಿಣಭಾರತದಲ್ಲಿ ಇನ್ನೊಂದು ದೊಡ್ಡ ಮಾತುಕತೆ ನಡೆದಿತ್ತು. 1919ರಲ್ಲಿ ತರಂಗಂಬಾಡಿಯಲ್ಲಿ ಕೂಡಿದ ಸಭಾನಾಯಕರು, ಅವರಲ್ಲಿ ಬಿಷಪ್ ಅಜರಯ್ಯನವರು ಪ್ರಮುಖರು, ಪಾಶ್ಚಾತ್ಯರ ಜಗಳಗಳಿಂದ ಹುಟ್ಟಿದ ಭೇದಗಳನ್ನು ಈ ದೇಶದಲ್ಲಿ ಮುಂದುವರಿಸಲಾರೆವೆಂದು ನಿಶ್ಚಯಿಸಿದ್ದರು. ಇಪ್ಪತ್ತೆಂಟು ವರ್ಷಗಳ ಚರ್ಚೆಯ ಮೇಲೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಹುಟ್ಟಿತು. ಮೈಸೂರು ಪ್ರಾಂತಕ್ಕೆ ಗುರುಶಾಂತರು ಮೊದಲನೆಯ ಬಿಷಪರಾದರು. ನಮ್ಮ ಕರಾವಳಿಯ ಬಾಸೆಲ್ ಸಭೆಗಳು ಒಡನೆಯೇ ಅದಕ್ಕೆ ಧುಮುಕಲಿಲ್ಲ. ಬಿಷಪರಿಲ್ಲದೆ ನೂರು ವರ್ಷ ನಡೆದುಬಂದವರಿಗೆ ಬಿಷಪರೆಂಬುವರು ಏತಕ್ಕೆ? ಈಗ ತಾನೇ ಹಿರಿಯರ ಕೈಗೆ ಬಂದುದನ್ನು ಮತ್ತೊಂದು ಪೀಠಕ್ಕೆ ಒಪ್ಪಿಸುವುದು ಜಾಣತನವೇ? ಈ ಶಂಕೆಯು ಹಠದ್ದಲ್ಲ, ಅನುಭವದ್ದು. ಆದುದರಿಂದ ಅವು ದೀರ್ಘವಾಗಿ ವಿಚಾರಮಾಡಿ, ತಡವಾಗಿ ಸೇರಿದುವು.

ಸೇರಿದ ಮೇಲಿನ ವ್ಯವಸ್ಥೆಯನ್ನು ಚುಟುಕಾಗಿ ಹೇಳಬಹುದು. ಆ ಮಹಾಸಭೆಯ ನಿಬಂಧನೆಯಲ್ಲಿ ಬಿಷಪರುಂಟು. ಆದರೆ ಅವರು ಕಟ್ಟಳೆಗೊಳಪಟ್ಟವರು. ಊರಿನ ಸಭೆಯನ್ನು ಸಭಾಪಾಲಕರೂ ಚುನಾಯಿತ ಸಮಿತಿಯೂ ನಡೆಸತಕ್ಕದ್ದು. ಪ್ರಾಂತದ ಪರಿಷತ್ತಿನಲ್ಲಿ ಬೋಧಕರೊಡನೆ ಊರಸಭೆಗಳ ಪ್ರತಿನಿಧಿಗಳೂ ಕೂಡುವರು. ಬಿಷಪರ ಆಯ್ಕೆಗೆ ಹೆಸರುಗಳನ್ನು ಆ ಪರಿಷತ್ತೇ ಆರಿಸಿ ಮಹಾಸಭೆಯ ಮೇಲ್ಕೂಟವಾದ ಸಿನೋಡಿಗೆ ಕಳುಹಿಸುವುದು. ಸಿನೋಡಿನ ಅಧ್ಯಕ್ಷರಾದ ಮಾಡರೇಟರೂ ಚುನಾಯಿತರೇ. ಅಪೊಸ್ತಲರ ಮತ್ತು ನಿಕೇಯದ ವಿಶ್ವಾಸಪ್ರಮಾಣಗಳು, ಎರಡು ಸಂಸ್ಕಾರಗಳು, ಸತ್ಯವೇದ ಇವು ಎಲ್ಲರಿಗೂ ಸಮಾನ. ಉಳಿದ ರೂಢಿಗಳಲ್ಲಿ ಪ್ರತಿಯೊಂದು ಸಭೆಗೂ ಸಾಕಷ್ಟು ಸ್ವಾತಂತ್ರ್ಯ. 1965ರಲ್ಲಿ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ತೆರೆಯಿತು. 1970ರ ಸುಮಾರಿಗೆ ಮೈಸೂರು ಪ್ರಾಂತವು ಮೂರಾಗಿ ಒಡೆದು, ದಕ್ಷಿಣ ಪ್ರಾಂತದ ಬಿಷಪರ ಪೀಠವು ಅದೇ ಗುಡ್ಡದ ಮೇಲೆ ನೆಲೆಗೊಂಡಿತು.

ಇಂದು ಸಮಿತಿಯ ಚುನಾವಣೆಗಳಲ್ಲಿ ಪಕ್ಷಗಳುಂಟು, ಆಸ್ತಿಯ ವಿಷಯವಾಗಿ ಕೋರ್ಟಿನ ವ್ಯಾಜ್ಯಗಳುಂಟು; ಅದನ್ನು ನೋಡಿದ ವೃದ್ಧರು ಜರ್ಮನರ ಕಾಲವೇ ಮೇಲಾಗಿತ್ತೆಂದು ನಿಟ್ಟುಸಿರು ಬಿಡುವುದೂ ಉಂಟು. ನಾನು ಅವರೊಡನೆ ಒಪ್ಪಲಾರೆ. ಆ ಕಾಲದಲ್ಲಿ ಜಗಳವಿರಲಿಲ್ಲವೆಂದರೆ ಜಗಳವಾಡುವಷ್ಟು ಸ್ವತ್ತು ಯಾರ ಕೈಯಲ್ಲಿಯೂ ಇರಲಿಲ್ಲ. ಲೆಕ್ಕ ಕೇಳುವ ಹಕ್ಕೂ ಇರಲಿಲ್ಲ.

ಈ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಬಾಸೆಲಿನ ದಫ್ತರಗಳಲ್ಲಿ ಮಿಶನರಿಗಳ ಕಾಗದಗಳು ಹೇರಳವಾಗಿ ದೊರೆಯುತ್ತವೆ. ಬಲ್ಮಠದ ಕಾಲೇಜಿನ ಪತ್ರಾಗಾರದಲ್ಲಿಯೂ ಸಾಕಷ್ಟಿವೆ. ಆದರೆ ಅವುಗಳಲ್ಲಿ ಕೇಳಿಬರುವ ದನಿಯು ಬಹುಮಟ್ಟಿಗೆ ಆಳಿದವರದು. ಹಿರಿಯರ ದನಿಯು ಉಳಿದಿರುವುದು ಊರೂರಿನ ಸಭೆಗಳ ಜನನ, ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳಲ್ಲಿ, ಕಾಣಿಕೆಯ ಲೆಕ್ಕಗಳಲ್ಲಿ, ಹಿರಿಯರ ಕೂಟದ ನಿರ್ಣಯಗಳಲ್ಲಿ. ಕರಾವಳಿಯ ಮಳೆಗಾಲದ ತೇವಕ್ಕೂ ಗೆದ್ದಲಿಗೂ ಕಾಗದದ ಮೇಲೆ ಕರುಣೆಯಿಲ್ಲ. ತಮ್ಮ ದೇವಾಲಯದ ಕಪಾಟಿನಲ್ಲಿ ಅಂಥ ಹಳೆಯ ಪುಸ್ತಕಗಳಿದ್ದರೆ, ಇಂದಿನ ಸಮಿತಿಯವರು ಅವನ್ನು ರದ್ದಿಯೆಂದು ಎಣಿಸದೆ, ಮುಂದಿನ ಮಳೆಗಾಲಕ್ಕೆ ಮೊದಲೇ ಪ್ರತಿಮಾಡಿಸಿ, ಮೂಲಪ್ರತಿಗಳನ್ನು ಬಲ್ಮಠದ ಪತ್ರಾಗಾರಕ್ಕೆ ಒಪ್ಪಿಸಬೇಕೆಂದು ನನ್ನ ಪ್ರಾರ್ಥನೆ.